ಏಕೆ ನಿಂತೆನೆಂಬುದನ್ನು ಯಂತ್ರವೇ ಹೇಳಲಿ

ಪಹಣಿಗಾಗಲಿ ಆದಾಯದ ಪ್ರಮಾಣಪತ್ರಕ್ಕಾಗಲಿ ನಾಡಕಚೇರಿಯ ಕಿಟಕಿಯೆದುರು ಸರತಿಯಲ್ಲಿ ನಿಂತವರು ‘ಸಿಸ್ಟಂ ಆನ್ ಆಗ್ತಿಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಕೇಳಿದೊಡನೆ ಮರುಪ್ರಶ್ನೆಯಿಲ್ಲದೆ ಹಿಂದಿರುಗುವುದು ನಮ್ಮಲ್ಲಿ ರೂಢಿಯಾಗಿಹೋಗಿದೆ. ಹೇಳಿದವರು ಕಾರಣವನ್ನರಿಯರು, ಕೇಳಿದವರು ಅರಿಯಬೇಕೆಂದು ಬಯಸರು. ಮರುದಿನ ಬರುವ ದುರಸ್ತಿಗಾರನಾದರೋ ‘ಬೋರ್ಡ್ ಹೋಗಿದೆ’ ಅಥವಾ ‘ಫಾರ್ಮ್ಯಾಟ್ ಮಾಡಬೇಕು’ ಎಂಬೆರಡು ತೀರ್ಪುಗಳಲ್ಲಿ ಒಂದನ್ನು ಕೊಟ್ಟು, ಹಣ ಪಡೆದು ಹೊರಡುತ್ತಾನೆ. ಯಂತ್ರವು ಯಾವ ಘಟ್ಟದಲ್ಲಿ, ಯಾವ ಕಾರಣದಿಂದ ನಿಂತಿತೆಂಬುದು ಅದರ ಒಡೆಯನಿಗೆ ಕಡೆಗೂ ತಿಳಿಯದು. ಈ ಅಜ್ಞಾನ ಅನಿವಾರ್ಯವೆಂದು ನಾನು ಒಪ್ಪಲಾರೆ.

ಗುಂಡಿಯನ್ನೊತ್ತಿದ ಕ್ಷಣದಿಂದ ಪರದೆ ಬೆಳಗುವ ಪರ್ಯಂತ ಕಂಪ್ಯೂಟರಿನೊಳಗೆ ನಡೆಯುವ ವ್ಯಾಪಾರಕ್ಕೆ ಒಂದು ನಿಶ್ಚಿತ ಕ್ರಮವುಂಟು. ಮೊದಲಿಗೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯು ಗೋಡೆಯ ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟುಗಳಿಗೆ ಇಳಿಸಿ, ಅವು ಸ್ಥಿರಗೊಂಡ ಮೇಲೆ ‘ಪವರ್ ಗುಡ್’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳುಹುತ್ತದೆ. ಈ ಅನುಜ್ಞೆ ದೊರೆಯುವ ತನಕ ಪ್ರೊಸೆಸರ್ ಒಂದು ಹೆಜ್ಜೆಯನ್ನೂ ಇಡದು. ದೊರೆತ ಬಳಿಕ ಅದು ಬೋರ್ಡಿನ ಚಿಪ್ಪೊಂದರಲ್ಲಿ ನೆಲೆಸಿರುವ ಬಯಾಸ್ ಎಂಬ ಮೂಲತಂತ್ರಾಂಶವನ್ನು, ಈಚಿನ ಯಂತ್ರಗಳಲ್ಲಾದರೆ ಅದರ ಉತ್ತರಾಧಿಕಾರಿಯಾದ ಯುಇಎಫ್‌ಐಯನ್ನು, ಓದತೊಡಗಿ, ರ‍್ಯಾಮ್ ಸರಿಯಾಗಿದೆಯೇ, ಚಿತ್ರವನ್ನು ಮೂಡಿಸುವ ಅಂಗ ಉತ್ತರಿಸುತ್ತದೆಯೇ ಎಂದು ಪರೀಕ್ಷಿಸಿ, ಕಡೆಗೆ ಡಿಸ್ಕಿನಲ್ಲಿರುವ ವಿಂಡೋಸಿಗೋ ಲಿನಕ್ಸಿಗೋ ಅಧಿಕಾರವನ್ನೊಪ್ಪಿಸುತ್ತದೆ. ಆದುದರಿಂದ ಫ್ಯಾನೇ ತಿರುಗದ ಯಂತ್ರದ ವ್ಯಾಧಿ ಬೇರೆ. ಫ್ಯಾನು ತಿರುಗಿಯೂ ತಯಾರಕರ ಲಾಂಛನವೇ ಮೂಡದ ಯಂತ್ರದ ವ್ಯಾಧಿ ಬೇರೆ. ಲಾಂಛನ ಮೂಡಿದ ಮೇಲೆ ಮುಂದುವರಿಯದ ಯಂತ್ರದ್ದು ಮತ್ತೂ ಬೇರೆ. ಮೊದಲ ಎರಡಕ್ಕೂ ಫಾರ್ಮ್ಯಾಟಿಗೂ ಸಂಬಂಧವೇ ಇಲ್ಲ. ಆ ಯಂತ್ರಗಳು ಡಿಸ್ಕಿನ ಬಾಗಿಲವರೆಗೆ ಇನ್ನೂ ಹೋಗಿಯೇ ಇಲ್ಲ. ಹಾಗಿದ್ದೂ ಅವುಗಳ ಡಿಸ್ಕನ್ನು ಅಳಿಸಿ, ಒಡೆಯನ ವರ್ಷಗಳ ಲೆಕ್ಕಪತ್ರಗಳನ್ನೂ ಮದುವೆಯ ಚಿತ್ರಗಳನ್ನೂ ನಿರ್ನಾಮ ಮಾಡಿದ ದುರಸ್ತಿಗಾರರುಂಟು.

ಪರದೆಯೇ ಬೆಳಗದಿದ್ದಾಗ ಯಂತ್ರ ತನ್ನ ದೋಷವನ್ನು ಹೇಳುವುದೆಂತು? 1981ರಲ್ಲಿ ಐಬಿಎಂ ಸಂಸ್ಥೆ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಇದಕ್ಕೊಂದು ಸರಳವಾದ ಉಪಾಯವನ್ನು ಮಾಡಿತ್ತು. ಪರೀಕ್ಷೆ ಸಾಂಗವಾಗಿ ಮುಗಿದರೆ ಒಂದು ಕಿರುದನಿ. ಒಂದು ದೀರ್ಘ, ಎರಡು ಹ್ರಸ್ವ ದನಿಗಳು ಕೇಳಿದರೆ ಚಿತ್ರ ಮೂಡಿಸುವ ಕಾರ್ಡಿನಲ್ಲಿ ದೋಷ. (ಛಂದಸ್ಸನ್ನು ಬಲ್ಲವರು ಇದನ್ನು ಭಗಣವೆಂದಾರು.) ತರುವಾಯ ಬಂದ ಬಯಾಸ್ ತಯಾರಕರು ತಮತಮಗೆ ತೋಚಿದಂತೆ ಬೇರೆ ಬೇರೆ ಗಣಗಳನ್ನು ಕಟ್ಟಿಕೊಂಡದ್ದು ಅನರ್ಥವೇ, ಆದರೂ ಅಂದಿನ ಯಂತ್ರಕ್ಕೆ ಬಾಯಿತ್ತು. ಇಂದಿನ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಮೌನವಾಗಿಯೇ ಸಾಯುತ್ತವೆ. ಕೆಲವು ತಯಾರಕರು ದೀಪದ ಮಿಣುಕುಗಳಿಂದ ದೋಷವನ್ನು ಸೂಚಿಸುವುದುಂಟು. ಆದರೆ ಮಿಣುಕಿನ ಅರ್ಥ ಯಂತ್ರದ ಮೈಮೇಲೆಲ್ಲಿಯೂ ಬರೆದಿರುವುದಿಲ್ಲ, ತಯಾರಕರ ಜಾಲತಾಣದಲ್ಲಿರುತ್ತದೆ. ಅದನ್ನು ನೋಡಲು ನೆಟ್ಟಗೆ ನಡೆಯುವ ಇನ್ನೊಂದು ಯಂತ್ರ ಬೇಕು!

ಇಷ್ಟಾದರೂ ವಿವೇಕಿಯಾದ ದುರಸ್ತಿಗಾರನಿಗೆ ದಾರಿ ಮುಚ್ಚಿಲ್ಲ. ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಕರೆದ ವಿಚಾರಕ್ರಮ, ಅಂದರೆ ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ ಎಂದು ಒಂದೊಂದನ್ನೇ ಸೇರಿಸಿ ತೆಗೆದು ಕಾರಣವನ್ನು ನಿಶ್ಚಯಿಸುವ ಬಗೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಮಳಿಗೆಗಳಲ್ಲಿ, ಆ ಹೆಸರನ್ನೇ ಕೇಳದ ತರುಣರ ಕೈಯಲ್ಲಿ, ಇಂದಿಗೂ ಜೀವಂತವಾಗಿದೆ. ಅವರು ಮೊದಲು ಪ್ಲಗ್ಗನ್ನು ಕಿತ್ತು, ಗುಂಡಿಯನ್ನು ತುಸು ಹೊತ್ತು ಒತ್ತಿಹಿಡಿದು, ಒಳಗುಳಿದ ವಿದ್ಯುತ್ತನ್ನು ಹೊರಗೆಡಹುತ್ತಾರೆ. ಪ್ರಿಂಟರು, ಪೆನ್‌ಡ್ರೈವುಗಳನ್ನೆಲ್ಲ ಕಳಚುತ್ತಾರೆ. ರ‍್ಯಾಮಿನ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ಮರಳಿ ಕೂರಿಸುತ್ತಾರೆ. ರಬ್ಬರಿನ ಈ ಪ್ರಯೋಗವನ್ನು ಕಂಡು ನಗುವವರುಂಟು, ಆದರೆ ಧೂಳೂ ತೇವವೂ ಕೂಡಿದ ನಮ್ಮ ಹವೆಯಲ್ಲಿ ಅಷ್ಟರಿಂದಲೇ ಎದ್ದು ಕುಳಿತ ಯಂತ್ರಗಳಿಗೆ ಲೆಕ್ಕವಿಲ್ಲ. ಆಗಲೂ ಏಳದಿದ್ದರೆ ಬೇರೊಂದು ಎಸ್‌ಎಂಪಿಎಸ್, ಬೇರೊಂದು ರ‍್ಯಾಮ್. ಎಲ್ಲಕ್ಕೂ ಕಡೆಯಲ್ಲಿ ಬೋರ್ಡು. ಬೋರ್ಡು ಹೋಗಿದೆಯೆಂಬ ತೀರ್ಪು ವಿಚಾರಣೆಯ ಅಂತ್ಯದಲ್ಲಿ ಬರತಕ್ಕದ್ದೇ ಹೊರತು ಆರಂಭದಲ್ಲಲ್ಲ.

ಯಂತ್ರ ಬಾಯಿಬಿಟ್ಟು ಹೇಳಿದಾಗಲೂ ಒಡೆಯ ಕೈಕಟ್ಟಿ ನಿಲ್ಲಬೇಕಾದ ಪ್ರಸಂಗ 2024ರ ಜುಲೈ 19ರಂದು ಲೋಕವೆಲ್ಲ ಕಾಣುವಂತೆ ಒದಗಿತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪನಿ ಕಳುಹಿದ ದೋಷಯುಕ್ತ ಕಡತವೊಂದರಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯನ್ನು ತೋರಿಸಿ ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕಂಪನಿ ಆ ಕಡತವನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಬಿದ್ದ ಯಂತ್ರಗಳಲ್ಲಿ ಬಹುಪಾಲು ತಾವಾಗಿ ಏಳಲಿಲ್ಲ. ಒಬ್ಬ ಮನುಷ್ಯ ಒಂದೊಂದು ಯಂತ್ರದೆದುರೂ ಕುಳಿತು, ಸೇಫ್ ಮೋಡಿನಲ್ಲಿ ಅದನ್ನೆಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕಾಗಿತ್ತು. ಡಿಸ್ಕಿಗೆ ಬಿಟ್‌ಲಾಕರಿನ ಬೀಗವಿದ್ದಲ್ಲಿ ಅದಕ್ಕೂ ಮುನ್ನ 48 ಅಂಕಿಗಳ ಕೀಲಿಯನ್ನು ಒದಗಿಸಬೇಕಾಗಿತ್ತು. ಈಚಿನ ವಿಂಡೋಸ್ ಒಡೆಯನ ಗಮನಕ್ಕೆ ಬಾರದಂತೆಯೇ ಈ ಬೀಗವನ್ನು ಹಾಕುವುದುಂಟು. ಓದುಗರು ಯಂತ್ರ ನಡೆಯುತ್ತಿರುವಾಗಲೇ ಆ ಕೀಲಿಯನ್ನು ಹುಡುಕಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳಿತು.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ತಾಣವೊಂದನ್ನು ತೆರೆದು, ಕೃಷಿ ಉಪಕರಣ, ವಾಹನ, ಗೃಹೋಪಯೋಗಿ ವಸ್ತುಗಳೊಡನೆ ಮೊಬೈಲು ಹಾಗೂ ಎಲೆಕ್ಟ್ರಾನಿಕ್ಸ್ ತಯಾರಕರನ್ನೂ ಅದರ ವ್ಯಾಪ್ತಿಗೆ ತಂದಿತು. ಒಳ್ಳೆಯ ಉಪಕ್ರಮವೇ. ಆದರೆ ಬಿಡಿಭಾಗ ದೊರೆಯುವ ಹಕ್ಕಿಗಿಂತ ಮೊದಲಿನದು ಯಾವ ಭಾಗ ಕೆಟ್ಟಿದೆಯೆಂದು ತಿಳಿಯುವ ಹಕ್ಕು. ರಾಜ್ಯ ಸರ್ಕಾರ ತನ್ನ ಕಚೇರಿ, ಶಾಲೆಗಳಿಗೆ ಟೆಂಡರು ಕರೆದು ಕಂಪ್ಯೂಟರುಗಳನ್ನು ಕೊಳ್ಳುವಾಗ, ದೋಷವನ್ನು ದನಿಯಿಂದಲೋ ದೀಪದಿಂದಲೋ ಸೂಚಿಸುವ ಏರ್ಪಾಟು ಯಂತ್ರದಲ್ಲಿರತಕ್ಕದ್ದು, ಆ ಸೂಚನೆಗಳ ಅರ್ಥವನ್ನು ಕನ್ನಡದಲ್ಲಿ ಅಚ್ಚುಮಾಡಿ ಯಂತ್ರದ ಬೆನ್ನಿಗೆ ಅಂಟಿಸತಕ್ಕದ್ದು ಎಂದು ಎರಡು ಷರತ್ತುಗಳನ್ನು ಸೇರಿಸಿದರೆ ಬೊಕ್ಕಸಕ್ಕೆ ಆಗುವ ಭಾರ ಅತ್ಯಲ್ಪ. ದುರಸ್ತಿಯ ಬಿಲ್ಲಿನಲ್ಲಿಯೂ ‘ಸರ್ವಿಸ್ ಚಾರ್ಜ್’ ಎಂದಷ್ಟೇ ಗೀಚುವುದರ ಬದಲು, ಯಂತ್ರ ಯಾವ ಘಟ್ಟದಲ್ಲಿ ನಿಂತಿತ್ತು, ಏನನ್ನು ಬದಲಿಸಿದಾಗ ಎದ್ದಿತು ಎಂಬುದನ್ನು ಬರೆದುಕೊಡುವಂತೆ ಗಿರಾಕಿಗಳು ಈಗಿನಿಂದಲೇ ಕೇಳಬಹುದು. ಇದಕ್ಕೆ ಯಾವ ಕಾನೂನೂ ಬೇಕಿಲ್ಲ.