ಮೈಕಿನ ಮುಂದೆ ಮೂಕನಾದ ಹೀರೋ!



ಕಳೆದ ವಾರ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ತಿಕೋಟಾ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಒಬ್ಬ ಹುಡುಗ ಬಂದು ಕೈಮುಗಿದ. ಊರು ಬಬಲೇಶ್ವರ, ಓದು ಬಿ.ಎ. ಎರಡನೇ ವರ್ಷ. ಅಪ್ಪ ಇಲ್ಲ, ಅವ್ವ ದ್ರಾಕ್ಷಿ ತೋಟದಲ್ಲಿ ಕೂಲಿ. ರೇಡಿಯೋದಲ್ಲಿ ಮಾತಾಡಬೇಕು, ಅಲ್ಲಿಂದ ಸಿನಿಮಾಕ್ಕೆ ಜಿಗಿಯಬೇಕು ಅನ್ನೋ ಹುಚ್ಚು!

"ದನಿ ಪರೀಕ್ಷಾಕ್ಕ ಹೋಗಿದ್ನಿರಿ ಅಣ್ಣಾ. ಮೈಕ್ ಮುಂದ ಬಾಯಿನ ಬರಲಿಲ್ಲ. ಎಲ್ಲಾರೂ ನಕ್ಕರು. ಕಾಲೇಜ್ ಬಿಟ್ಟು ಮುಂಬೈಗೆ ಹೊಂಟೀನ್ರಿ. ಅವ್ವಗ ಹೇಳಿಲ್ಲ."

ಹೆಗಲಲ್ಲಿ ಬ್ಯಾಗಿತ್ತು. ನನ್ನ ಎದೆ ಝಲ್ಲೆಂದಿತು.

"ಬಾ ತಮ್ಮಾ, ಮೊದಲ ಚಹಾ ಕುಡಿಯೋಣು" ಅಂದೆ. ನನ್ನ ಬಸ್ಸು ಹೋಯಿತು. ಹೋಗಲಿ! ಚಹಾ ಕುಡಿಯುತ್ತಾ ಅವನಿಗೆ ಹೇಳಿದ ಕಥೆಯನ್ನೇ ಈ ವಾರ ನಿಮಗೂ ಹೇಳುತ್ತೇನೆ.

1929ರಲ್ಲಿ ಝೇಲಂ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಲರಾಜ್ ದತ್ ಎಂಬ ಹುಡುಗ ಹುಟ್ಟಿದ. ಐದು ವರ್ಷಕ್ಕೇ ತಂದೆ ತೀರಿಕೊಂಡರು. 1947ರಲ್ಲಿ ದೇಶ ಒಡೆಯಿತು, ಹುಟ್ಟೂರು ಪಾಕಿಸ್ತಾನದ ಪಾಲಾಯಿತು. ಆ ಗಲಭೆಯಲ್ಲಿ ಈ ಹಿಂದೂ ಕುಟುಂಬದ ಜೀವ ಉಳಿಸಿದವರು ತಂದೆಯ ಸ್ನೇಹಿತ, ಯಾಕೂಬ್ ಎಂಬ ಮುಸ್ಲಿಂ ಗೃಹಸ್ಥರು. ಇದ್ದದ್ದನ್ನೆಲ್ಲ ಬಿಟ್ಟು ಬಂದವರು ಯಮುನಾ ದಂಡೆಯ ಹಳ್ಳಿಯೊಂದರಲ್ಲಿ ನೆಲೆ ಕಂಡರು.

ಮುಂದೆ ಹುಡುಗ ಬೊಂಬಾಯಿಗೆ ಬಂದ. ಬಂದವನೇ ಸ್ಟುಡಿಯೋ ಬಾಗಿಲು ಕಾಯುತ್ತಾ ಕೂತನೇ? ಇಲ್ಲ! ಜೈ ಹಿಂದ್ ಕಾಲೇಜು ಸೇರಿದ. ಹೊಟ್ಟೆಪಾಡಿಗೆ ಬೆಸ್ಟ್ ಬಸ್ ಸಂಸ್ಥೆಯಲ್ಲಿ ಕೆಲಸ ಹಿಡಿದ. ಓದೂ ನಡೆಯಿತು, ದುಡಿಮೆಯೂ ನಡೆಯಿತು.

ಆಗ ರೇಡಿಯೋ ಸಿಲೋನಿನ ಕಾಲ. 1952ರ ಹೊತ್ತಿಗೆ ನಮ್ಮ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಕತ್ತರಿ ಹಾಕಿತ್ತು. ಕೇಳುಗರು ಮುಳ್ಳು ತಿರುಗಿಸಿ ಸಿಲೋನ್ ಹಿಡಿದರು! ಅಲ್ಲಿಯ ಪ್ರಾಯೋಜಿತ ಕಾರ್ಯಕ್ರಮಗಳು ಬೊಂಬಾಯಿಯಲ್ಲಿ ಧ್ವನಿಮುದ್ರಣವಾಗಿ ಕೊಲಂಬೋಗೆ ಹೋಗುತ್ತಿದ್ದವು. 'ಲಿಪ್ಟನ್ ಕೀ ಮೆಹಫಿಲ್'ನಲ್ಲಿ ತಾರೆಯರನ್ನು ಮಾತಾಡಿಸುವ ಕೆಲಸ ಈ ಹುಡುಗನಿಗೆ ಸಿಕ್ಕಿತು.

ಒಂದು ದಿನ ಎದುರಿಗೆ ಕೂತವರು ಸಾಕ್ಷಾತ್ ನರ್ಗಿಸ್! ನಮ್ಮ ಮಾತುಗಾರನ ಬಾಯಿ ಕಟ್ಟಿಹೋಯಿತು. ಒಂದೇ ಒಂದು ಪ್ರಶ್ನೆ ಹೊರಡಲಿಲ್ಲ. ಸಂದರ್ಶನವೇ ರದ್ದಾಯಿತು!

"ಖರೇನರಿ?" ಹುಡುಗ ಕಪ್ಪು ಕೆಳಗಿಟ್ಟ.

"ಖರೇ. ಆದರೆ ಅಂವ ಮೈಕ್ ಬಿಟ್ಟು ಓಡಿ ಹೋಗಲಿಲ್ಲಪಾ."

ನಿರ್ದೇಶಕ ರಮೇಶ್ ಸೈಗಲ್ ಕಣ್ಣಿಗೆ ಬಿದ್ದ ಆ ಹುಡುಗ 1955ರಲ್ಲಿ 'ರೈಲ್ವೇ ಪ್ಲಾಟ್‌ಫಾರ್ಮ್' ಚಿತ್ರದ ನಾಯಕನಾದ. ಬಲರಾಜ್ ಸಾಹನಿ ಆಗಲೇ ಹೆಸರಾಗಿದ್ದರಿಂದ ಹೊಸ ಹೆಸರು ಬಂತು... ಸುನೀಲ್ ದತ್! 1957ರ 'ಮದರ್ ಇಂಡಿಯಾ'ದಲ್ಲಿ ಅದೇ ನರ್ಗಿಸರ ಮಗ ಬಿರ್ಜುವಾಗಿ ನಟಿಸಿದರು. ಚಿತ್ರೀಕರಣದಲ್ಲಿ ಬೆಂಕಿ ಹಬ್ಬಿ ನರ್ಗಿಸ್ ಸಿಕ್ಕಿಕೊಂಡಾಗ ಒಳಗೆ ನುಗ್ಗಿ ಕಾಪಾಡಿದವರೂ ಇವರೇ. 1958ರಲ್ಲಿ ಇಬ್ಬರ ಮದುವೆಯಾಯಿತು. ಎದುರಿಗೆ ಮಾತೇ ಹೊರಡದಿದ್ದವನ ಕಥೆ ಇದು!

1968ರಲ್ಲಿ ಪದ್ಮಶ್ರೀ, 1984ರಲ್ಲಿ ಲೋಕಸಭೆ, 2004ರಲ್ಲಿ ಕೇಂದ್ರ ಮಂತ್ರಿ ಪದವಿ. 2005ರ ಮೇ 25ರಂದು ತೀರಿಕೊಂಡಾಗಲೂ ಮಂತ್ರಿಯಾಗಿದ್ದರು.

ಹುಡುಗನಿಗೆ ನಾನು ಸುಳ್ಳು ಆಸೆ ತೋರಿಸಲಿಲ್ಲ. ಮುಂಬೈಗೆ ಹೋದವರೆಲ್ಲ ಸುನೀಲ್ ದತ್ ಆಗುವುದಿಲ್ಲ. ಬರಿಗೈಯಲ್ಲಿ ತಿರುಗಿ ಬಂದವರೇ ಹೆಚ್ಚು, ಅವರ ಕಥೆಯನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. "ಬಿ.ಎ. ಮುಗಿಸು. ದಿನಾ ಸಂಜಿಗೆ ಅವ್ವನ ಮುಂದ ಪೇಪರ್ ಗಟ್ಟಿಯಾಗಿ ಓದು. ಬಾಯಿ ತಾನ ಬಿಚ್ಚತೈತಿ. ಆಮ್ಯಾಲ ಹೋಗು, ಆದರ ಅವ್ವಗ ಹೇಳಿ ಹೋಗು" ಅಂದೆ.

ಹುಡುಗ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಕೊನೆಗೆ ಎದ್ದು ಬ್ಯಾಗು ಹೆಗಲಿಗೇರಿಸಿದ.

"ಬಬಲೇಶ್ವರ ಬಸ್ ಎಷ್ಟೊತ್ತಿಗೈತ್ರಿ ಅಣ್ಣಾ?"

ಚಹಾದ ದುಡ್ಡು ಸಾರ್ಥಕವಾಯಿತು, ಏನಂತೀರಿ? ಮುಂದಿನ ವಾರ ಸಿಗೋಣ!