ವಾಸದ ಮನೆಗಳಲ್ಲಿ ಅಗ್ನಿಶಾಮಕ ಸ್ಪ್ರಿಂಕ್ಲರ್ ಅಳವಡಿಕೆ: ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸ್ಥಿತಿಗತಿ

ಚಾಮರಾಜನಗರ ನಗರಸಭೆ, ಗುಂಡ್ಲುಪೇಟೆ ಪುರಸಭೆ ಹಾಗೂ ಗ್ರಾಮ ಪಂಚಾಯಿತಿಗಳಲ್ಲಿ ಮನೆ ಕಟ್ಟಲು ಪರವಾನಗಿ ಕೋರುವ ಅರ್ಜಿದಾರರಿಗೆ ಸ್ಪ್ರಿಂಕ್ಲರ್ ಅಳವಡಿಕೆ ಕಡ್ಡಾಯವೇ ಎಂಬ ಸಂದೇಹ ಉಂಟಾಗುವುದು ಸಹಜ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಹಾಗೂ ಅದಕ್ಕೂ ಮೇಲ್ಪಟ್ಟ ಎತ್ತರದ ಕಟ್ಟಡಗಳನ್ನು ಬಹುಮಹಡಿ ಕಟ್ಟಡಗಳೆಂದು ಪರಿಗಣಿಸುತ್ತದೆ. ಒಂದೆರಡು ಅಂತಸ್ತಿನ ಸ್ವಂತ ಮನೆಗೆ ಸದರಿ ಸಂಹಿತೆಯಲ್ಲಿ ಸ್ಪ್ರಿಂಕ್ಲರ್ ಕಡ್ಡಾಯವಿಲ್ಲ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಬೆಂಕಿ ಅನಾಹುತದಲ್ಲಿ 9 ಮಂದಿ ಮೃತಪಟ್ಟ ನಂತರ ರಾಜ್ಯದಲ್ಲಿ ನಡೆದ ಚರ್ಚೆಯೂ ಬಹುಮಟ್ಟಿಗೆ ಎತ್ತರದ ಕಟ್ಟಡಗಳ ಸುತ್ತಲೇ ಉಳಿಯಿತು. ಹಳ್ಳಿಯ ಹಂಚಿನ ಮನೆ ಆ ಚರ್ಚೆಯೊಳಗೆ ಬರಲೇ ಇಲ್ಲ.

ಆದರೆ ಕಡ್ಡಾಯವಿಲ್ಲದಿರುವುದು ಬೇರೆ, ಅಗತ್ಯವಿಲ್ಲದಿರುವುದು ಬೇರೆ. ಕೋಣೆಯೊಂದರಲ್ಲಿ ಹೊತ್ತಿದ ಬೆಂಕಿಯು ಫೋಮ್ ಹಾಸಿಗೆ, ಪ್ಲಾಸ್ಟಿಕ್ ಸಾಮಗ್ರಿ, ಬಟ್ಟೆಗಳಿಗೆ ತಗುಲಿ ಇಡೀ ಕೋಣೆಯನ್ನು ಆವರಿಸಲು ಕೆಲವೇ ನಿಮಿಷಗಳು ಸಾಕು. ಅಗ್ನಿಶಾಮಕ ವಾಹನವು ಪಟ್ಟಣದಿಂದ ತೆರಕಣಾಂಬಿಗೋ ಹಂಗಳಕ್ಕೋ, ಅಲ್ಲಿಂದ ಒಳಗಿನ ಕಾಡಂಚಿನ ಗ್ರಾಮಗಳಿಗೋ ತಲುಪುವಷ್ಟರಲ್ಲಿ ಆ ನಿಮಿಷಗಳು ಕಳೆದುಹೋಗಿರುತ್ತವೆ. ಸಿಬ್ಬಂದಿ ಎಷ್ಟೇ ತ್ವರಿತವಾಗಿ ಹೊರಟರೂ ದೂರ ಕಡಿಮೆಯಾಗುವುದಿಲ್ಲ. ಆದುದರಿಂದ ಮೊದಲ ಹತ್ತು ನಿಮಿಷ ಮನೆಯವರು ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಳ್ಳಬೇಕಾಗುತ್ತದೆ.

ಗುಂಡ್ಲುಪೇಟೆಯ ರೈತರಿಗೆ ಸ್ಪ್ರಿಂಕ್ಲರ್ ಎಂದರೆ ಮೊದಲು ನೆನಪಾಗುವುದು ಹೊಲದ ತುಂತುರು ನೀರಾವರಿ. ಮನೆಯ ಸ್ಪ್ರಿಂಕ್ಲರ್ ಕೆಲಸ ಮಾಡುವ ರೀತಿ ಬೇರೆ. ಚಾವಣಿಯ ಕೊಳವೆಗೆ ಜೋಡಿಸಿದ ಪ್ರತಿಯೊಂದು ಮೂತಿಯನ್ನು ದ್ರವ ತುಂಬಿದ ಸಣ್ಣ ಗಾಜಿನ ಬುರುಡೆಯೊಂದು ಮುಚ್ಚಿರುತ್ತದೆ. ಸಾಮಾನ್ಯವಾಗಿ ಬಳಸುವ ಕೆಂಪು ಬುರುಡೆಯು ಸುಮಾರು 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆಯುತ್ತದೆ. ಒಡೆದ ಮೂತಿಯಿಂದ ಮಾತ್ರ ನೀರು ಚಿಮ್ಮುತ್ತದೆ. ಚಲನಚಿತ್ರಗಳಲ್ಲಿ ತೋರಿಸುವಂತೆ ಎಲ್ಲ ಮೂತಿಗಳೂ ಒಮ್ಮೆಲೇ ತೆರೆದುಕೊಳ್ಳುವುದಿಲ್ಲ. ಒಲೆಯ ಹೊಗೆ, ಊದುಬತ್ತಿಯ ಹೊಗೆಗಳಿಂದಲೂ ಅದು ತೆರೆಯುವುದಿಲ್ಲ.

ಅಮೆರಿಕದ ಅರಿಜೋನಾದ ಸ್ಕಾಟ್ಸ್‌ಡೇಲ್ ನಗರವು 1985ರಲ್ಲಿಯೇ ಈ ಬಗ್ಗೆ ನಿಯಮ ರೂಪಿಸಿತು. ಕ್ಯಾಲಿಫೋರ್ನಿಯಾದಲ್ಲಿ 2011ರ ಜನವರಿಯಿಂದ, ವೇಲ್ಸ್‌ನಲ್ಲಿ 2016ರಿಂದ ಹೊಸ ಮನೆಗಳಿಗೆ ಇದು ಕಡ್ಡಾಯವಾಗಿದೆ. ಅಲ್ಲಿನ ನಿಯಮವನ್ನು ಇಲ್ಲಿ ಹಾಗೆಯೇ ಜಾರಿಗೊಳಿಸಲು ಅಡ್ಡಿಯಾಗುವುದು ನೀರಿನ ಒತ್ತಡ.

ಸಾಮಾನ್ಯ ಸ್ಪ್ರಿಂಕ್ಲರ್ ಮೂತಿಯೊಂದಕ್ಕೆ ಕನಿಷ್ಠ ಅರ್ಧ ಬಾರ್, ಅಂದರೆ ಸುಮಾರು 5 ಮೀಟರ್ ಎತ್ತರದಿಂದ ಇಳಿಯುವ ನೀರಿನ ಒತ್ತಡ ಬೇಕು. ಒಂದಂತಸ್ತಿನ ಮನೆಯ ತಾರಸಿಯ ಮೇಲಿನ ಟ್ಯಾಂಕ್ ಚಾವಣಿಯಿಂದ ಒಂದೆರಡು ಮೀಟರ್ ಎತ್ತರದಲ್ಲಿರುತ್ತದೆ. ಅದರಿಂದ ನೀರು ಸೋರೀತೇ ಹೊರತು ಚಿಮ್ಮದು. ಎರಡು ಮೂತಿಗಳು ಹತ್ತು ನಿಮಿಷ ಕೆಲಸ ಮಾಡಲು ಸುಮಾರು 1,100 ಲೀಟರ್ ನೀರು ಬೇಕಾಗುತ್ತದೆ. ಸಾವಿರ ಲೀಟರಿನ ಟ್ಯಾಂಕ್ ತುಂಬಿದ್ದರೂ ಇದಕ್ಕೆ ಸಾಲದು, ಬೇಸಿಗೆಯಲ್ಲಿ ಅದು ಬೆಳಗಿನ ಹೊತ್ತಿಗೆ ಅರ್ಧವಾಗಿರುವ ಮನೆಗಳೂ ಇವೆ. ಒತ್ತಡಕ್ಕಾಗಿ ಪಂಪು ಅಳವಡಿಸಿದರೆ ವಿದ್ಯುತ್ತಿನ ಪ್ರಶ್ನೆ ಏಳುತ್ತದೆ. ಶಾರ್ಟ್ ಸರ್ಕ್ಯೂಟಿನಿಂದ ಹೊತ್ತಿದ ಬೆಂಕಿಯಲ್ಲಿ ಮೊದಲು ಕಡಿತವಾಗುವುದು ಮನೆಯ ವಿದ್ಯುತ್ತೇ. ಪಂಪಿಗೆ ಪ್ರತ್ಯೇಕ ಮಾರ್ಗ ಅಥವಾ ಬ್ಯಾಟರಿ ವ್ಯವಸ್ಥೆ ಇಲ್ಲದಿದ್ದಲ್ಲಿ ಸ್ಪ್ರಿಂಕ್ಲರ್ ಕೇವಲ ಅಲಂಕಾರವಾಗುತ್ತದೆ.

ಹಂಚಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಬಿಸಿಗಾಳಿಯು ಇಳಿಜಾರು ಮಾಡಿನ ತುದಿಗೆ ಏರಿ ಹಂಚಿನ ಸಂದುಗಳಿಂದ ಹೊರಹೋಗುವುದರಿಂದ ಮೂತಿಗೆ ಶಾಖ ತಗಲುವುದು ತಡವಾಗಬಹುದು. ಅಲ್ಲದೆ ಬೆಂಕಿಯು ಹಿತ್ತಲಿನ ಹುಲ್ಲಿನ ಮೆದೆಯಿಂದ ಮಾಡಿಗೆ ಹಾರಿದ ಪಕ್ಷದಲ್ಲಿ ಒಳಗಿನ ಸ್ಪ್ರಿಂಕ್ಲರ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೆದೆಯನ್ನು ಮನೆಯಿಂದ ದೂರ ಒಟ್ಟುವುದು ಯಾವ ಖರ್ಚೂ ಇಲ್ಲದ ಕ್ರಮವಾಗಿದ್ದು, ಇಂತಹ ಮನೆಗಳಿಗೆ ಸ್ಪ್ರಿಂಕ್ಲರ್‌ಗಿಂತ ಅದೇ ಮೇಲು.

ಹೀಗಾಗಿ ಆರ್‌ಸಿಸಿ ಚಾವಣಿಯ ಹೊಸ ಮನೆ ಕಟ್ಟುವವರಿಗೆ, ಅದರಲ್ಲಿಯೂ ಕೆಳಗೆ ಅಂಗಡಿ ಅಥವಾ ದಾಸ್ತಾನು ಕೊಠಡಿ, ಮೇಲೆ ವಾಸ ಇರುವವರಿಗೆ ಸ್ಪ್ರಿಂಕ್ಲರ್ ಪರಿಗಣಿಸತಕ್ಕ ವಿಷಯ. ನಕ್ಷೆ ಸಿದ್ಧಪಡಿಸುವ ಹಂತದಲ್ಲಿಯೇ ಕೊಳವೆ ಮಾರ್ಗ, ಹೆಚ್ಚುವರಿ ಟ್ಯಾಂಕ್ ಹಾಗೂ ಪಂಪಿನ ಸ್ಥಳ ಗುರುತಿಸುವುದು ಸೂಕ್ತ. ಪ್ಲಾಸ್ಟರಿಂಗ್ ಮುಗಿದ ಮೇಲೆ ಗೋಡೆ ಒಡೆಯುವುದು ದುಬಾರಿ. ವಿನ್ಯಾಸವು ಭಾರತೀಯ ಮಾನಕ ಐಎಸ್ 15105ಕ್ಕೆ ಅನುಗುಣವಾಗಿದೆಯೇ ಎಂಬುದನ್ನು ಗುತ್ತಿಗೆದಾರರಿಂದ ಲಿಖಿತವಾಗಿ ಪಡೆಯಬೇಕು. ಉಳಿದವರು ಬ್ಯಾಟರಿಚಾಲಿತ ಹೊಗೆ ಎಚ್ಚರಿಕೆ ಗಂಟೆ, ಐಎಸ್‌ಐ ಮುದ್ರೆಯುಳ್ಳ ಒಂದು ಅಗ್ನಿನಂದಕ ಹಾಗೂ ಹಳೆಯ ವೈರಿಂಗ್ ಬದಲಾವಣೆಗೆ ಮೊದಲ ಆದ್ಯತೆ ನೀಡುವುದು ಲೇಸು.

ಬೆಂಕಿ ಅನಾಹುತವು ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿದ್ದು, 2022–26ರ ಅವಧಿಗೆ ನಿಗದಿಯಾದ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ಣ ಹಾನಿಗೊಂಡ ಮನೆಗೆ ರೂ. 1,20,000 ನೆರವು ಗೊತ್ತುಪಡಿಸಲಾಗಿತ್ತು. ಈ ಮೊತ್ತದಲ್ಲಿ ಮನೆಯನ್ನು ಮತ್ತೆ ಕಟ್ಟಿ ಮುಗಿಸುವುದು ಕಷ್ಟವೆಂಬುದು ಮನೆ ಕಟ್ಟಿದ ಎಲ್ಲರಿಗೂ ತಿಳಿದ ವಿಚಾರ. ಪರಿಹಾರ ಕೋರುವವರು ಹಾನಿಯ ಛಾಯಾಚಿತ್ರಗಳೊಂದಿಗೆ ತಹಶೀಲ್ದಾರರ ಕಚೇರಿಗೆ ವಿಳಂಬವಿಲ್ಲದೆ ಮನವಿ ಸಲ್ಲಿಸತಕ್ಕದ್ದು. ಬೆಂಕಿ ಕಂಡ ಕೂಡಲೇ 112 ಅಥವಾ 101ಕ್ಕೆ, ಅಡುಗೆ ಅನಿಲ ಸೋರಿಕೆಯಾದಲ್ಲಿ 1906ಕ್ಕೆ ಕರೆ ಮಾಡಿ ಗ್ರಾಮದ ಹೆಸರು, ಹೋಬಳಿ ಹಾಗೂ ಹತ್ತಿರದ ಗುರುತನ್ನು ತಿಳಿಸಬೇಕು.