ಗ್ಯಾಸ್ ಮುಗಿದಿರಲಿಲ್ಲ, ಫಿಲ್ಟರ್ ತೊಳೆದಿರಲಿಲ್ಲ

ಕಳೆದ ಜನವರಿಯಲ್ಲಿ ಅವ್ವ ಧಾರವಾಡದಿಂದ ದೆಹಲಿಯ ನಮ್ಮ ಬಾಡಿಗೆ ಮನೆಗೆ ಬಂದಿದ್ದಳು. ಅವಳ ಕೋಣೆಯಲ್ಲಿ ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬಿಸಿ ಕೊಡುವ ‘ಹಾಟ್ ಅಂಡ್ ಕೋಲ್ಡ್’ ಎ.ಸಿ. ಇದೆ. ಮಂಜು ಮುಸುಕಿದ ಒಂದು ಬೆಳಗ್ಗೆ ಕೂಗಿದಳು: “ಬಿಸಿ ಗಾಳಿ ನಿಂತೈತಿ. ಹೊರಗಿನ ಪೆಟ್ಟಿಗಿಯಿಂದ ಹೊಗಿ ಬರಾಕತ್ತೈತಿ ನೋಡಪಾ!”

ಗಾಬರಿಯಿಂದ ಮೆಕ್ಯಾನಿಕ್‌ನನ್ನು ಕರೆಸಿದೆ. ಐದು ನಿಮಿಷ ನೋಡಿ ‘ಗ್ಯಾಸ್ ಖತಂ’ ಎಂದ. ಎರಡೂವರೆ ಸಾವಿರ ಎಣಿಸಿಕೊಟ್ಟೆ. ಮೂರನೇ ದಿನ ಮತ್ತೆ ಅದೇ ‘ಹೊಗೆ’!

ಆಮೇಲೆ ಕೈಪಿಡಿ ತೆಗೆದು ಓದಿದೆ. ಈ ಯಂತ್ರ ಒಂದು ಹೀಟ್ ಪಂಪ್. ಕಾಯಿಲ್ ಹೀಟರ್‌ನಂತೆ ಶಾಖವನ್ನು ಹುಟ್ಟಿಸುವುದಿಲ್ಲ. ಹೊರಗಿನ ತಣ್ಣನೆ ಗಾಳಿಯಲ್ಲಿರುವ ಶಾಖವನ್ನೇ ಹೀರಿ ಒಳಗೆ ತರುತ್ತದೆ. ಹಾಗಾಗಿ ಸುಸ್ಥಿತಿಯಲ್ಲಿದ್ದರೆ 1 ಯೂನಿಟ್ ವಿದ್ಯುತ್ತಿಗೆ ಸುಮಾರು 3 ಯೂನಿಟ್ ಶಾಖ ಸಿಗುತ್ತದೆ. ಮಂಜಿನ ದಿನ ಹೊರಗಿನ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಕೆಲವು ನಿಮಿಷ ತಾನೇ ಉಲ್ಟಾ ಓಡುತ್ತದೆ. ಇದೇ ಡಿಫ್ರಾಸ್ಟ್. ಅವ್ವ ಕಂಡದ್ದು ಹೊಗೆಯಲ್ಲ, ಹಬೆ!

ಬಿಸಿ ಕಡಿಮೆಯಾದದ್ದು ಮಾತ್ರ ನಿಜ. ಒಳಗಿನ ಫಿಲ್ಟರ್‌ ಮೇಲೆ ದೆಹಲಿಯ ಧೂಳು ಕಂಬಳಿಯಂತೆ ಕೂತಿತ್ತು. ಹೊರಗಿನ ಪೆಟ್ಟಿಗೆಯ ಮುಂದೆ, ಗಾಳಿಗೆ ಅಡ್ಡವಾಗಿ, ಅವ್ವನ ಕೌದಿಯನ್ನು ಒಣಹಾಕಿದ್ದವನು ನಾನೇ. ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ ಹಾಕಿದೆ, ಕೌದಿ ಸರಿಸಿದೆ. ಸಂಜೆಗೆ ಕೋಣೆ ಬೆಚ್ಚಗಾಯಿತು.

ಗ್ಯಾಸ್ ಎಂದರೆ ಪೆಟ್ರೋಲ್ ಅಲ್ಲ, ಉರಿದು ಮುಗಿಯುವುದಕ್ಕೆ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಮೆಕ್ಯಾನಿಕ್‌ನನ್ನಷ್ಟೇ ದೂರಿ ಫಲವಿಲ್ಲ. ಪರಊರಿನಲ್ಲಿರುವ ನಮಗೆ ಭಾಷೆಯ ಅಳುಕು, ಆಫೀಸಿನ ಅವಸರ. ಪ್ರಶ್ನೆ ಕೇಳುವ ಬದಲು ದುಡ್ಡು ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಮೇಲಾಗಿ ‘ಯಂತ್ರ ಓನರ್‌ದು, ನಮಗೇಕೆ’ ಎಂಬ ಉದಾಸೀನ. ಯಂತ್ರ ಅವರದಾದರೂ ಕರೆಂಟ್ ಬಿಲ್ ನಮ್ಮದು, ಚಳಿಯಲ್ಲಿ ನಡುಗುವವರು ನಮ್ಮವರು.

ಹಾಗಾಗಿ ಎ.ಸಿ. ಓಡುವ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ಸ್ವಿಚ್ ಆರಿಸಿ ಫಿಲ್ಟರ್ ತೊಳೆಯೋಣ. ಹೊರಗಿನ ಪೆಟ್ಟಿಗೆಯ ಸುತ್ತ ಜಾಗ ಬಿಡೋಣ. ಬಿಸಿ ಗಾಳಿ ನಿಂತರೆ ಹದಿನೈದು ನಿಮಿಷ ಕಾಯೋಣ. ಹಿಮ ಗಂಟೆಗಟ್ಟಲೆ ಕರಗದಿದ್ದರೆ, ಕೊಳವೆಯ ಜೋಡಣೆಯಲ್ಲಿ ಎಣ್ಣೆ ಜಿನುಗಿದ್ದರೆ, ಎಂ.ಸಿ.ಬಿ. ಪದೇ ಪದೇ ಬಿದ್ದರೆ ಮಾತ್ರ ನಾವು ಕೈಹಾಕದೆ ಮೆಕ್ಯಾನಿಕ್‌ನನ್ನು ಕರೆಯೋಣ.

ಆತ ಮತ್ತೆ ‘ಗ್ಯಾಸ್ ಖತಂ’ ಎಂದರೆ ಕೇಳಲು ದೊಡ್ಡ ಹಿಂದಿಯೇನೂ ಬೇಡ. ಮೂರೇ ಪದ ಸಾಕು: “ಲೀಕ್ ಕಹಾಂ ಹೈ?”